ಎಡ ಮೂಲೆಯ ಹುಡುಗಿ ಲಿಲಿ ಪಾರ್

ಟೀಮ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಿದ್ದ ದಿನ ಕ್ಯಾಂಟೀನ್‌ನಲ್ಲಿ ಕೂತವರೆಲ್ಲ ಸೆಲೆಕ್ಟರ್‌ಗಳೇ. ಅವನನ್ನ ಯಾಕೆ ತಗೊಂಡ್ರು, ಇವಳನ್ನ ಯಾಕೆ ಬಿಟ್ರು, ಎಡಗಾಲಲ್ಲಿ ಅಷ್ಟು ಚೆನ್ನಾಗಿ ಹೊಡೆಯೋಳನ್ನ ಡಿಫೆನ್ಸ್‌ಗೆ ಹಾಕೋದಾ ಅಂತ ಎರಡು ಟೀ ಮುಗಿಯೋವರೆಗೂ ಜಗಳ. ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗ್‌ನಲ್ಲಿ ಈ ಜಗಳಕ್ಕೆ ವರ್ಷಕ್ಕೊಮ್ಮೆ ಹಬ್ಬದಂಥ ದಿನವೇ ಇತ್ತು. ಅದಕ್ಕೆ ಡ್ರಾಫ್ಟ್ ಅಂತಾರೆ. ಕಾಲೇಜು ಮುಗಿಸಿ ಬರೋ ಆಟಗಾರ್ತಿಯರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ ಹಿಂದಿನ ಸೀಸನ್‌ನಲ್ಲಿ ಕೆಳಗಿದ್ದವರಿಗೆ ಮೊದಲ ಸರದಿ. ಗೆದ್ದವರೇ ಮತ್ತೆ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಅನ್ನೋದು ಲೆಕ್ಕ. ಆದರೆ ತಾನು ಯಾವ ಊರಿಗೆ ಹೋಗಬೇಕು ಅಂತ ಆಟಗಾರ್ತಿಯನ್ನು ಯಾರೂ ಕೇಳುತ್ತಿರಲಿಲ್ಲ. 2013ರಲ್ಲಿ ಶುರುವಾದ ಈ ಪದ್ಧತಿಯನ್ನು 2024ರಲ್ಲಿ ಆಟಗಾರ್ತಿಯರ ಸಂಘದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಕೈಬಿಟ್ಟರು.

ಯಾರು ಯಾರನ್ನು ಆರಿಸಬೇಕು, ಎಲ್ಲಿ ಆಡಿಸಬೇಕು, ಆರಿಸಿಕೊಂಡವಳ ಮಾತಿಗೆ ಬೆಲೆ ಇದೆಯಾ ಅನ್ನೋ ಈ ಪ್ರಶ್ನೆಗಳೆಲ್ಲ ನೂರು ವರ್ಷ ಹಳೆಯವು. ಇವೆಲ್ಲ ಒಬ್ಬಳ ಬದುಕಲ್ಲೇ ಬಂದುಹೋಗಿವೆ. ಅವಳು ಇಂಗ್ಲೆಂಡಿನ ಲಿಲಿ ಪಾರ್. ನಮ್ಮಂಥ ಇಂಜಿನಿಯರಿಂಗ್ ಮಂದಿಗೆ ಇನ್ನೊಂದು ಸಂಬಂಧವೂ ಇದೆ: ಅವಳನ್ನು ಆರಿಸಿಕೊಂಡದ್ದು ಒಂದು ಇಂಜಿನಿಯರಿಂಗ್ ಕಾರ್ಖಾನೆಯ ತಂಡ.

ಗಾಜಿನ ಊರಿನ ಮಗು

ಲಿಲಿ ಹುಟ್ಟಿದ್ದು 1905ರ ಏಪ್ರಿಲ್ 26ರಂದು, ಲ್ಯಾಂಕಶೈರಿನ ಸೇಂಟ್ ಹೆಲೆನ್ಸ್‌ನಲ್ಲಿ. ಗಾಜಿನ ಕಾರ್ಖಾನೆ ಮತ್ತು ಕಲ್ಲಿದ್ದಲು ಗಣಿಗಳ ಊರು ಅದು. ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಕೂಲಿ. ಏಳು ಮಕ್ಕಳಲ್ಲಿ ಇವಳು ನಾಲ್ಕನೆಯವಳು. ಮನೆಯಲ್ಲಿ ದುಡ್ಡು ಕಮ್ಮಿ, ಜನ ಜಾಸ್ತಿ. ಅಂಥ ಮನೆಯ ಹುಡುಗಿಯರಿಗೆ ಹೊಲಿಗೆ, ಅಡುಗೆ ಕಲಿಸುತ್ತಿದ್ದ ಕಾಲ. ಲಿಲಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅಣ್ಣತಮ್ಮಂದಿರ ಜೊತೆ ಖಾಲಿ ಜಾಗದಲ್ಲಿ ಫುಟ್‌ಬಾಲು, ರಗ್ಬಿ ಎರಡನ್ನೂ ಆಡಿದಳು. ಹುಡುಗರು ಹುಡುಗಿ ಅಂತ ಮೆಲ್ಲಗೆ ಒದೆಯೋ ಪೈಕಿ ಅಲ್ಲ. ಹಾಗಾಗಿ ಇವಳೂ ಅವರಷ್ಟೇ ಜೋರಾಗಿ ಒದೆಯೋದನ್ನ ಕಲಿತಳು. ಎಡಗಾಲು ಇವಳ ಆಯುಧವಾಯಿತು.

ಆಗಿನ ಚೆಂಡಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಈಗಿನ ಹಾಗೆ ನೀರು ಹೀರದ ಸಿಂಥೆಟಿಕ್ ಚೆಂಡಲ್ಲ, ದಪ್ಪ ಚರ್ಮದ್ದು. ಲೇಸ್ ಕಟ್ಟಿ ಮುಚ್ಚಿದ್ದು. ಇಂಗ್ಲೆಂಡಿನ ಚಳಿಗಾಲದ ಕೆಸರಲ್ಲಿ ಅರ್ಧ ಗಂಟೆ ಉರುಳಿದರೆ ಚರ್ಮ ನೀರು ಕುಡಿದು ಭಾರವಾಗುತ್ತಿತ್ತು. ಅಂಥ ಚೆಂಡನ್ನು ಕಾರ್ನರ್‌ನಿಂದ ಗೋಲಿನ ಬಾಯಿಯವರೆಗೆ ಎತ್ತಿ ಕಳಿಸೋದು ಅನುಭವಿ ಗಂಡಸರಿಗೂ ಸುಲಭ ಇರಲಿಲ್ಲ. ಹದಿಹರೆಯದ ಲಿಲಿ ಅದನ್ನ ಮಾಡ್ತಿದ್ದಳು. ಅವಳ ಒದೆತದ ಬಗ್ಗೆ ಇವತ್ತಿಗೂ ಹೇಳೋ ಒಂದು ದಂತಕಥೆ ಇದೆ: ಹೆಣ್ಣುಮಗಳ ಶಾಟ್ ತಡೆಯೋದೇನು ಮಹಾ ಅಂತ ಸವಾಲು ಹಾಕಿದ ಒಬ್ಬ ಗಂಡಸು ಗೋಲ್‌ಕೀಪರ್ ಕೊನೆಗೆ ಕೈ ಮುರಿದುಕೊಂಡನಂತೆ. ಕಥೆ ಎಷ್ಟು ನಿಜವೋ ಏನೋ, ಇಂಥ ಕಥೆ ಎಲ್ಲರ ಬಗ್ಗೆಯೂ ಹುಟ್ಟೋದಿಲ್ಲ.

ಕಾರ್ಖಾನೆಯಲ್ಲಿ ಹುಟ್ಟಿದ ತಂಡ

ಸೇಂಟ್ ಹೆಲೆನ್ಸ್‌ಗೆ ಅಷ್ಟೇನೂ ದೂರವಲ್ಲದ ಪ್ರೆಸ್ಟನ್ ಊರಲ್ಲಿ ಡಿಕ್ ಕೆರ್ ಅನ್ನೋ ಕಂಪನಿ ಇತ್ತು. ಟ್ರಾಮು, ರೈಲು ಇಂಜಿನ್ನು, ವಿದ್ಯುತ್ ಉಪಕರಣ ಮಾಡ್ತಿದ್ದ ಕಂಪನಿ. ಮೊದಲ ಮಹಾಯುದ್ಧ ಬಂತು. ಗಂಡಸರು ಯುದ್ಧಕ್ಕೆ ಹೋದರು, ಕಾರ್ಖಾನೆ ಮದ್ದುಗುಂಡು ತಯಾರಿಸೋಕೆ ಶುರುಮಾಡಿತು, ಮಷೀನುಗಳ ಮುಂದೆ ಹೆಂಗಸರು ನಿಂತರು. ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯೋದು ಅವರಿಗೂ ರೂಢಿಯಾಯಿತು. 1917ರಲ್ಲಿ ಕಾರ್ಖಾನೆಯ ಗಂಡಸರ ಜೊತೆ ಒಂದು ಪಂದ್ಯವೂ ನಡೀತು. ಗ್ರೇಸ್ ಸಿಬರ್ಟ್ ಅನ್ನೋ ಕೆಲಸಗಾರ್ತಿ ಎಲ್ಲರನ್ನೂ ಸೇರಿಸಿದಳು. ಆಫೀಸಿನಲ್ಲಿದ್ದ ಆಲ್‌ಫ್ರೆಡ್ ಫ್ರಾಂಕ್‌ಲ್ಯಾಂಡ್ ತಂಡದ ಮ್ಯಾನೇಜರ್ ಆದ.

ಅದೇ ವರ್ಷದ ಕ್ರಿಸ್ಮಸ್ ದಿನ ಪ್ರೆಸ್ಟನ್‌ನ ಡೀಪ್‌ಡೇಲ್ ಮೈದಾನದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಗೆ ಹಣ ಕೂಡಿಸೋಕೆ ಪಂದ್ಯ ಇಟ್ಟರು. ಎದುರಾಳಿ ಇನ್ನೊಂದು ಫೌಂಡ್ರಿಯ ಹೆಂಗಸರ ತಂಡ. ನೋಡೋಕೆ ಬಂದವರು 10,000 ಜನ. ಡಿಕ್ ಕೆರ್ ಹುಡುಗಿಯರು 4-0ಯಿಂದ ಗೆದ್ದರು. ತಮಾಷೆಗೆ ಬಂದ ಜನ ಆಟ ನೋಡಿ ಹೋದರು ಅನ್ನಬಹುದು. ಅಲ್ಲಿಂದ ಪಂದ್ಯದ ಮೇಲೆ ಪಂದ್ಯ.

ಫ್ರಾಂಕ್‌ಲ್ಯಾಂಡ್‌ನ ಬುದ್ಧಿ ಇರೋದು ಇಲ್ಲಿಂದ ಮುಂದೆ. ತನ್ನ ಕಾರ್ಖಾನೆಯಲ್ಲಿರೋ ಹುಡುಗಿಯರನ್ನಷ್ಟೇ ನಂಬಿ ಕೂರಲಿಲ್ಲ. ಎದುರಾಳಿ ತಂಡದಲ್ಲಿ ಯಾರಾದರೂ ಚೆನ್ನಾಗಿ ಆಡಿದರೆ ಅವರ ಮೇಲೆ ಕಣ್ಣಿಡುತ್ತಿದ್ದ. ಸೇಂಟ್ ಹೆಲೆನ್ಸ್ ಲೇಡೀಸ್ ಜೊತೆ ಆಡುವಾಗ ಅವನ ಕಣ್ಣಿಗೆ ಬಿದ್ದವರು ಇಬ್ಬರು. ಒಬ್ಬಳು ಆಲಿಸ್ ವುಡ್ಸ್, ಇನ್ನೊಬ್ಬಳು ಲಿಲಿ ಪಾರ್. ಲಿಲಿಗೆ ಆಗ 14 ವರ್ಷ. ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸು.

ಅವಳಿಗೆ ಸಿಕ್ಕ ಕಾಂಟ್ರಾಕ್ಟ್ ಅಂದ್ರೆ ಕಾರ್ಖಾನೆಯಲ್ಲಿ ಕೆಲಸ, ಜೊತೆಗೆ ಪಂದ್ಯಕ್ಕೆ 10 ಶಿಲ್ಲಿಂಗ್. ಕಾಗದದ ಮೇಲೆ ಅದು ಸಂಬಳ ಅಲ್ಲ, ಖರ್ಚಿಗೆ ಅಂತ ಕೊಡೋ ದುಡ್ಡು. ಉಳಿಯೋಕೆ ಪ್ರೆಸ್ಟನ್‌ನಲ್ಲಿ ತಂಡದ ಗೆಳತಿ ಆಲಿಸ್ ನಾರಿಸ್ ಮನೆ. ಹೀಗೆ ಊರು ಬಿಟ್ಟು, ಅಪ್ಪ ಅಮ್ಮನನ್ನ ಬಿಟ್ಟು, ಇನ್ನೊಬ್ಬರ ಮನೆಯ ಕೋಣೆಯಲ್ಲಿ ಮಲಗಿ, ಬೆಳಗ್ಗೆ ಕಾರ್ಖಾನೆ, ಸಂಜೆ ಪ್ರಾಕ್ಟೀಸು. ಹಾಸ್ಟೆಲ್ ಸೇರಿದ ಮೊದಲ ವಾರ ನೆನಪು ಮಾಡಿಕೊಳ್ಳಿ. ನಮಗೆ ಆಗ ಹದಿನೆಂಟಾದರೂ ಆಗಿತ್ತು.

ಫ್ರಾಂಕ್‌ಲ್ಯಾಂಡ್ ಮೊದಲು ಅವಳನ್ನ ಹಾಕಿದ್ದು ಲೆಫ್ಟ್ ಬ್ಯಾಕ್ ಜಾಗಕ್ಕೆ. ಎತ್ತರ ಇದ್ದಾಳೆ, ಜೋರಾಗಿ ಒದೀತಾಳೆ, ಹಿಂದೆ ನಿಂತು ಚೆಂಡು ಹೊರಗೆ ಹಾಕಲಿ ಅನ್ನೋದು ಯಾರಿಗಾದರೂ ಮೊದಲು ಹೊಳೆಯೋ ಯೋಚನೆ. ಆಮೇಲೆ ಅವಳನ್ನ ಮುಂದಕ್ಕೆ ತಂದು ಎಡ ಅಂಚಿಗೆ, ಅಂದರೆ ಔಟ್‌ಸೈಡ್ ಲೆಫ್ಟ್‌ಗೆ ಹಾಕಿದರು. ಅಲ್ಲಿಂದ ಅವಳನ್ನ ಯಾರೂ ಕದಲಿಸಲಿಲ್ಲ. ಆರಿಸೋದು ಅರ್ಧ ಕೆಲಸ, ಸರಿಯಾದ ಜಾಗದಲ್ಲಿ ನಿಲ್ಲಿಸೋದು ಇನ್ನರ್ಧ. ಮೊದಲ ಸೀಸನ್‌ನಲ್ಲೇ ಅವಳು 43 ಗೋಲು ಹೊಡೆದಳು ಅಂತ ದಾಖಲೆ ಹೇಳುತ್ತೆ.

ಒಂದೇ ವರ್ಷದ ವೈಭವ

1920 ಈ ತಂಡದ ದೊಡ್ಡ ವರ್ಷ. ಏಪ್ರಿಲ್‌ನಲ್ಲಿ ಆಲಿಸ್ ಮಿಲಿಯಾ ನೇತೃತ್ವದಲ್ಲಿ ಫ್ರಾನ್ಸಿನ ಹೆಂಗಸರ ತಂಡ ಇಂಗ್ಲೆಂಡಿಗೆ ಬಂತು. ಡೀಪ್‌ಡೇಲ್‌ನಲ್ಲಿ ನಡೆದ ಮೊದಲ ಪಂದ್ಯಕ್ಕೆ 25,000 ಜನ. ಶರತ್ಕಾಲದಲ್ಲಿ ಡಿಕ್ ಕೆರ್ ಹುಡುಗಿಯರೂ ಫ್ರಾನ್ಸಿಗೆ ಹೋಗಿ ಆಡಿ ಬಂದರು. ಗಾಜಿನ ಕಾರ್ಖಾನೆ ಕೂಲಿಯ ಮಗಳು 15ನೇ ವಯಸ್ಸಿಗೆ ಪ್ಯಾರಿಸ್‌ನಲ್ಲಿ ಫುಟ್‌ಬಾಲ್ ಆಡಿದಳು.

ಡಿಸೆಂಬರ್‌ನಲ್ಲಿ ಇನ್ನೊಂದು ಪ್ರಯೋಗ. ರಾತ್ರಿ ಪಂದ್ಯ. ಫ್ಲಡ್‌ಲೈಟ್ ಅನ್ನೋದು ಇನ್ನೂ ರೂಢಿಗೆ ಬಾರದ ಕಾಲ. ವಿಮಾನ ಹುಡುಕೋಕೆ ಸೈನ್ಯ ಬಳಸುತ್ತಿದ್ದ ಎರಡು ಸರ್ಚ್‌ಲೈಟ್‌ಗಳನ್ನು ಕೇಳಿದರು. ಯುದ್ಧಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಒಪ್ಪಿಗೆ ಕೊಟ್ಟ. ಜೊತೆಗೆ ಕಾರ್ಬೈಡ್ ದೀಪಗಳು. ಕಂದು ಚೆಂಡು ಕತ್ತಲಲ್ಲಿ ಕಾಣದು ಅಂತ ಅದಕ್ಕೆ ಸುಣ್ಣ ಬಳಿದು ಬಿಳಿ ಮಾಡಿದರು. ನೋಡೋಕೆ ಬಂದವರು 12,000. ಕೆಲಸವಿಲ್ಲದ ಮಾಜಿ ಸೈನಿಕರಿಗೆ ನೆರವಾಗೋಕೆ ನಡೆದ ಆ ಪಂದ್ಯವನ್ನು ಡಿಕ್ ಕೆರ್ 4-0ಯಿಂದ ಗೆದ್ದಿತು. ನಮ್ಮ ಟೆಕ್ ಫೆಸ್ಟ್‌ನಲ್ಲಿ ಇಟ್ಟರೂ ಬಹುಮಾನ ಬರೋ ಪ್ರಾಜೆಕ್ಟ್ ಅದು.

ಆಮೇಲೆ ಕ್ರಿಸ್ಮಸ್‌ನ ಮರುದಿನ, ಡಿಸೆಂಬರ್ 26, ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್. ಸುಮಾರು 53,000 ಜನ ಒಳಗೆ, ಟಿಕೆಟ್ ಸಿಗದೆ ಸಾವಿರಾರು ಜನ ಹೊರಗೆ. ಕೂಡಿದ ಹಣ 3,115 ಪೌಂಡ್. ಇಂಗ್ಲೆಂಡಿನಲ್ಲಿ ಹೆಂಗಸರ ಫುಟ್‌ಬಾಲ್ ಪಂದ್ಯಕ್ಕೆ ಅಷ್ಟು ಜನ ಮತ್ತೆ ಸೇರಿದ್ದು 2012ರ ಒಲಿಂಪಿಕ್ಸ್‌ನಲ್ಲಿ. ಆ ದಿನ ಡಿಕ್ ಕೆರ್‌ನ ಸ್ಟ್ರೈಕರ್ ಫ್ಲೋರಿ ರೆಡ್‌ಫರ್ಡ್‌ಗೆ ರೈಲು ತಪ್ಪಿಹೋಯಿತು. ಮೊದಲಾರ್ಧಕ್ಕೆ ಒಂದೇ ಗೋಲು. ಆಮೇಲೆ ಕ್ಯಾಪ್ಟನ್ ಆಲಿಸ್ ಕೆಲ್ ಡಿಫೆನ್ಸ್ ಬಿಟ್ಟು ಮುಂದೆ ಬಂದಳು, ಹ್ಯಾಟ್ರಿಕ್ ಹೊಡೆದಳು. ಪಂದ್ಯ 4-0. ಟೀಮ್ ಲಿಸ್ಟ್ ಬಗ್ಗೆ ಜಗಳ ಆಡೋರು ನೆನಪಿಡಬೇಕಾದ ಪಂದ್ಯ.

ಎದುರಾಳಿ ಯಾರು ಗೊತ್ತಾ? ಸೇಂಟ್ ಹೆಲೆನ್ಸ್ ಲೇಡೀಸ್. ಲಿಲಿಯ ಸ್ವಂತ ಊರಿನ ತಂಡ.

ಇಲ್ಲಿ ಫ್ರಾಂಕ್‌ಲ್ಯಾಂಡ್ ಬಗ್ಗೆ ವಾದ ಮಾಡಬಹುದು. ಸಣ್ಣ ತಂಡದ ಒಳ್ಳೆಯ ಆಟಗಾರ್ತಿಯರನ್ನ ಎಳೆದುಕೊಂಡು, ಆಮೇಲೆ ಅದೇ ತಂಡವನ್ನ ಸೋಲಿಸೋದು ನ್ಯಾಯವಾ? ಡ್ರಾಫ್ಟ್ ಅನ್ನೋ ಪದ್ಧತಿ ಇರೋದೇ ಇದನ್ನ ತಡೆಯೋಕೆ. ಆದರೆ ಲಿಲಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಅವಳಿಗೆ ಕೆಲಸ ಸಿಕ್ಕಿತು, ಇರೋಕೆ ಮನೆ ಸಿಕ್ಕಿತು, ದೊಡ್ಡ ಮೈದಾನ ಸಿಕ್ಕಿತು. ಕೇಳಿದಾಗ ಹೂಂ ಅನ್ನೋ ಹಕ್ಕು, ಬೇಡ ಅನ್ನೋ ಹಕ್ಕು ಎರಡೂ ಅವಳ ಕೈಯಲ್ಲಿತ್ತು. ನನಗಂತೂ ಫ್ರಾಂಕ್‌ಲ್ಯಾಂಡ್ ಮಾಡಿದ್ದು ತಪ್ಪು ಅನ್ನಿಸೋದಿಲ್ಲ. ಅವಳ ಬದುಕಲ್ಲಿ ಅನ್ಯಾಯ ಬಂದದ್ದು ಬೇರೆ ಕಡೆಯಿಂದ.

1921ರ ಫೆಬ್ರವರಿಯಲ್ಲಿ ಆನ್‌ಫೀಲ್ಡ್‌ನಲ್ಲಿ 25,000 ಜನರ ಮುಂದೆ ಡಿಕ್ ಕೆರ್ ತಂಡ ಬ್ರಿಟನ್ನಿನ ಉಳಿದ ತಂಡಗಳಿಂದ ಆರಿಸಿದ ಹನ್ನೊಂದು ಮಂದಿಯನ್ನು 9-1ರಿಂದ ಸೋಲಿಸಿತು. ಅದರಲ್ಲಿ ಐದು ಗೋಲು ಲಿಲಿಯದು. ಇನ್ನೂ 16 ತುಂಬಿರಲಿಲ್ಲ.

ಡಿಸೆಂಬರ್ 5

1921ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸುಮಾರು 150 ಮಹಿಳಾ ತಂಡಗಳಿದ್ದವು. ಆ ವರ್ಷ ಕಲ್ಲಿದ್ದಲು ಗಣಿ ಮಾಲೀಕರು ಕಾರ್ಮಿಕರನ್ನ ಹೊರಗಿಟ್ಟು ಬೀಗ ಹಾಕಿದ್ದರು. ಹಲವು ಮಹಿಳಾ ತಂಡಗಳು ಆ ಕಾರ್ಮಿಕರ ಕುಟುಂಬಗಳಿಗೆ ಹಣ ಕೂಡಿಸೋಕೆ ಆಡಿದವು. ಗಾಯಾಳು ಸೈನಿಕರಿಗೆ ಹಣ ಕೂಡಿಸಿದಾಗ ಮೆಚ್ಚಿದ ದೊಡ್ಡವರಿಗೆಲ್ಲ ಇದು ಅಷ್ಟು ಹಿಡಿಸಿರಲಿಕ್ಕಿಲ್ಲ. ಅತ್ತ ಗಂಡಸರ ಲೀಗ್ ಯುದ್ಧ ಮುಗಿದ ಮೇಲೆ ಮತ್ತೆ ಶುರುವಾಗಿತ್ತು. ಒಂದೇ ಊರಲ್ಲಿ ಹೆಂಗಸರ ಪಂದ್ಯಕ್ಕೆ ಅಷ್ಟೊಂದು ಜನ ಹೋಗ್ತಿದ್ರೆ ಅದೂ ಕಣ್ಣಿಗೆ ಬೀಳೋ ವಿಷಯವೇ.

1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನಿರ್ಣಯ ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ಹೊಂದುವ ಆಟ ಅಲ್ಲ ಅಂತ ಒಂದು ಕಾರಣ. ಕೂಡಿಸಿದ ಹಣದಲ್ಲಿ ಖರ್ಚಿಗೆ ಜಾಸ್ತಿ ಹೋಗ್ತಿದೆ, ದಾನಕ್ಕೆ ಕಮ್ಮಿ ಹೋಗ್ತಿದೆ ಅಂತ ಇನ್ನೊಂದು. ಅಸೋಸಿಯೇಷನ್ನಿಗೆ ಸೇರಿದ ಯಾವ ಕ್ಲಬ್ಬೂ ಹೆಂಗಸರ ಪಂದ್ಯಕ್ಕೆ ಮೈದಾನ ಕೊಡಬಾರದು ಅಂತ ಆಜ್ಞೆ.

ಗಮನಿಸಿ, ಹೆಂಗಸರು ಚೆಂಡು ಒದೆಯಬಾರದು ಅಂತ ಕಾನೂನೇನೂ ಬರಲಿಲ್ಲ. ಮೈದಾನದ ಗೇಟು ಮುಚ್ಚಿತು, ಅಷ್ಟೇ. ಗುಡಿಸನ್ ಇಲ್ಲ, ಆನ್‌ಫೀಲ್ಡ್ ಇಲ್ಲ, ಡೀಪ್‌ಡೇಲ್ ಇಲ್ಲ. ಅಷ್ಟೇ ಸಾಕಿತ್ತು. ಗ್ಯಾಲರಿ ಇಲ್ಲದಿದ್ದರೆ ಜನ ಬರೋದಿಲ್ಲ, ಜನ ಬರದಿದ್ದರೆ ಹಣ ಇಲ್ಲ, ಹಣ ಇಲ್ಲದಿದ್ದರೆ ಪತ್ರಿಕೆಯವರು ಬರೆಯೋದಿಲ್ಲ, ಪತ್ರಿಕೆಯಲ್ಲಿ ಇಲ್ಲದಿದ್ದರೆ ಮುಂದಿನ ಹುಡುಗಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಾಗೋದಿಲ್ಲ. ಸರ್ಕ್ಯೂಟ್‌ನಲ್ಲಿ ಒಂದು ವೈರ್ ತೆಗೆದ ಹಾಗೆ. ನಿಧಾನಕ್ಕೆ ತಂಡಗಳು ಒಂದೊಂದಾಗಿ ಮುಚ್ಚಿದವು. ಲಿಲಿಗೆ ಆಗ 16.

ಆಮೇಲೂ ಆಡಿದಳು

ಡಿಕ್ ಕೆರ್ ತಂಡ ಮುಚ್ಚಲಿಲ್ಲ. 1922ರ ಸೆಪ್ಟೆಂಬರ್‌ನಲ್ಲಿ ಹಡಗು ಹತ್ತಿ ಕೆನಡಾಕ್ಕೆ ಹೊರಟರು. ಅಲ್ಲಿ ಇಳಿಯೋಷ್ಟರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯೂ ಆಡೋಕೆ ಬಿಡಲ್ಲ ಅಂದಿತು. ಸರಿ, ಅಲ್ಲಿಂದ ಅಮೆರಿಕಕ್ಕೆ. ಅಲ್ಲಿ ಹೆಂಗಸರ ತಂಡ ಸಿಗದೆ ಗಂಡಸರ ತಂಡಗಳ ಜೊತೆಗೇ ಒಂಬತ್ತು ಪಂದ್ಯ ಆಡಿದರು. ಮೂರು ಗೆದ್ದರು, ಮೂರು ಡ್ರಾ, ಮೂರು ಸೋತರು. ಗಂಡಸರ ಎದುರು, ಅದೂ ಅಷ್ಟು ದೂರದ ಪ್ರಯಾಣ ಮಾಡಿ, ಈ ರಿಸಲ್ಟ್ ಕಮ್ಮಿಯೇನಲ್ಲ.

ವಾಪಸ್ ಬಂದ ಮೇಲೆ ಬದುಕು ಬೇರೆಯಾಯಿತು. ಡಿಕ್ ಕೆರ್ ಕಂಪನಿ ಇಂಗ್ಲಿಷ್ ಎಲೆಕ್ಟ್ರಿಕ್ ಅನ್ನೋ ದೊಡ್ಡ ಕಂಪನಿಯೊಳಗೆ ಸೇರಿಹೋಗಿತ್ತು. ಹೊಸ ಆಡಳಿತಕ್ಕೆ ಫುಟ್‌ಬಾಲ್ ತಂಡದ ಮೇಲೆ ಮೊದಲಿನ ಅಕ್ಕರೆ ಇರಲಿಲ್ಲ. 1926ರಲ್ಲಿ ಫ್ರಾಂಕ್‌ಲ್ಯಾಂಡ್ ಕಂಪನಿಯಿಂದ ಹೊರಬಿದ್ದ. ತಂಡದ ಹೆಸರು ಪ್ರೆಸ್ಟನ್ ಲೇಡೀಸ್ ಅಂತಾಯಿತು, ಆದರೂ ಜನರ ಬಾಯಲ್ಲಿ ಡಿಕ್ ಕೆರ್ ಹೆಸರೇ ಉಳಿಯಿತು. ಕೆಲಸಕ್ಕಾಗಿ ಹಲವು ಆಟಗಾರ್ತಿಯರು ಪ್ರೆಸ್ಟನ್ ಹತ್ತಿರದ ವಿಟಿಂಗ್‌ಹ್ಯಾಮ್ ಆಸ್ಪತ್ರೆ ಸೇರಿದರು. ಬ್ರಿಟನ್ನಿನ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಅದೂ ಒಂದು. ಲಿಲಿ ಅಲ್ಲಿ ನರ್ಸ್ ಆದಳು. ನಿವೃತ್ತಿಯವರೆಗೂ ಅಲ್ಲೇ ದುಡಿದಳು.

ವಾರದಲ್ಲಿ ವಾರ್ಡು, ವಾರಾಂತ್ಯಕ್ಕೆ ಫುಟ್‌ಬಾಲು. ಎಲ್ಲಿ? ಪಾರ್ಕುಗಳಲ್ಲಿ, ರಗ್ಬಿ ಮೈದಾನಗಳಲ್ಲಿ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ. 53,000 ಜನ ಕೂಗಿದ್ದನ್ನ 15ನೇ ವಯಸ್ಸಿಗೆ ಕೇಳಿದವಳು ಆಮೇಲೆ ಮೂವತ್ತು ವರ್ಷ ಹೀಗೇ ಆಡಿದಳು. 1937ರಲ್ಲಿ ಎಡಿನ್‌ಬರೋ ತಂಡವನ್ನ 5-1ರಿಂದ ಸೋಲಿಸಿ ತಾವೇ ವಿಶ್ವ ಚಾಂಪಿಯನ್ ಅಂತ ಘೋಷಿಸಿಕೊಂಡರು. ಘೋಷಿಸೋಕೆ ಬೇರೆ ಸಂಸ್ಥೆಯೇ ಇರಲಿಲ್ಲವಲ್ಲ.

ಲಿಲಿ ಮಾತು ಕಮ್ಮಿ, ತಮಾಷೆ ಜಾಸ್ತಿ ಅನ್ನೋ ಪೈಕಿ. ವುಡ್‌ಬೈನ್ ಸಿಗರೇಟು ಅವಳಿಗೆ ಬಲು ಇಷ್ಟ. ಆಡಿದ್ದಕ್ಕೆ ದುಡ್ಡಿನ ಜೊತೆ ಸಿಗರೇಟು ಪ್ಯಾಕೂ ಕೊಡ್ತಿದ್ರು ಅಂತ ಹೇಳ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಅವಳನ್ನ ಕ್ಯಾಪ್ಟನ್ ಮಾಡಿದರು. ಆಗ ಅವಳಿಗೆ 41. ಅವಳ ಜೊತೆ ಶುರುಮಾಡಿದವರೆಲ್ಲ ಯಾವತ್ತೋ ಬೂಟು ಬಿಚ್ಚಿಟ್ಟಿದ್ದರು. 1951ರಲ್ಲಿ ಅವಳೂ ನಿಲ್ಲಿಸಿದಳು. ಒಟ್ಟು ಗೋಲು 900ಕ್ಕೂ ಹೆಚ್ಚು ಅಂತ ಲೆಕ್ಕ. ತಂಡ 1965ರಲ್ಲಿ ಮುಚ್ಚಿತು.

ಅಸೋಸಿಯೇಷನ್ ನಿಷೇಧ ತೆಗೆದದ್ದು 1970ರ ದಶಕದ ಶುರುವಿನಲ್ಲಿ. ಸುಮಾರು ಐವತ್ತು ವರ್ಷ. ಲಿಲಿ ಬದುಕಿದ್ದಾಗಲೇ ಅದು ನಡೀತು ಅನ್ನೋದೊಂದು ಸಮಾಧಾನ, ಆದರೆ ಅಷ್ಟೊತ್ತಿಗೆ ಅವಳಿಗೆ ಅರವತ್ತೈದರ ಆಸುಪಾಸು. 1960ರ ದಶಕದಲ್ಲೇ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. 1978ರ ಮೇ 24ರಂದು ಪ್ರೆಸ್ಟನ್ ಹತ್ತಿರದ ಗೂಸ್ನಾ ಹಳ್ಳಿಯ ತನ್ನ ಮನೆಯಲ್ಲಿ ತೀರಿಕೊಂಡಳು. ಮಣ್ಣು ಮಾಡಿದ್ದು ಹುಟ್ಟೂರು ಸೇಂಟ್ ಹೆಲೆನ್ಸ್‌ನಲ್ಲಿ.

ಕೊನೆಯ ಸೆಲೆಕ್ಷನ್

2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂ ತನ್ನ ಹಾಲ್ ಆಫ್ ಫೇಮ್ ಶುರುಮಾಡಿತು. ಮೊದಲ ಪಟ್ಟಿಯಲ್ಲೇ ಇದ್ದ ಒಬ್ಬಳೇ ಹೆಣ್ಣುಮಗಳು ಲಿಲಿ ಪಾರ್. ಆ ಮ್ಯೂಸಿಯಂ ಆಗ ಇದ್ದದ್ದು ಎಲ್ಲಿ ಅಂದ್ರೆ ಪ್ರೆಸ್ಟನ್‌ನ ಡೀಪ್‌ಡೇಲ್ ಮೈದಾನದಲ್ಲಿ, 1921ರಲ್ಲಿ ಅವಳ ಮುಖಕ್ಕೆ ಗೇಟು ಮುಚ್ಚಿದ ಅದೇ ಜಾಗದಲ್ಲಿ. 2008ರಲ್ಲಿ ಅಸೋಸಿಯೇಷನ್ ಹಳೆಯ ನಿಷೇಧಕ್ಕಾಗಿ ಕ್ಷಮೆ ಕೇಳಿತು. 2019ರಲ್ಲಿ ಮ್ಯಾಂಚೆಸ್ಟರ್‌ಗೆ ಬಂದಿದ್ದ ಮ್ಯೂಸಿಯಂನಲ್ಲಿ ಅವಳ ಪ್ರತಿಮೆ ನಿಂತಿತು. ಬ್ರಿಟನ್ನಿನಲ್ಲಿ ಮಹಿಳಾ ಫುಟ್‌ಬಾಲ್ ಆಟಗಾರ್ತಿಯೊಬ್ಬಳ ಮೊದಲ ಪ್ರತಿಮೆ ಅದು. ಇದ್ಯಾವುದನ್ನೂ ನೋಡೋಕೆ ಅವಳು ಇರಲಿಲ್ಲ.

ಯಾರನ್ನ ಆರಿಸಬೇಕು ಅನ್ನೋ ಜಗಳ ಒಳ್ಳೆಯದೇ, ಮುಂದುವರಿಸೋಣ. ಫ್ರಾಂಕ್‌ಲ್ಯಾಂಡ್ ಒಬ್ಬ ಎಡಗಾಲಿನ ಹುಡುಗಿಯನ್ನ ಗುರುತಿಸದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನು ಸರಿಯಾಗಿ ಆರಿಸಿದ, ಅವಳು ಸರಿಯಾಗಿ ಆಡಿದಳು, ಜನ ದುಡ್ಡು ಕೊಟ್ಟು ಬಂದರು, ಆಮೇಲೂ ಅದನ್ನ ಒಂದು ಕೋಣೆಯಲ್ಲಿ ಕೂತ ಕೆಲವರು ನಿಲ್ಲಿಸಿದರು. ನಮ್ಮ ಕಾಲೇಜ್ ಗ್ರೌಂಡ್‌ಗೆ ಸಂಜೆ ಐದು ಗಂಟೆಗೆ ಒಮ್ಮೆ ಹೋಗಿ ನೋಡಿ. ಯಾರು ಆಡ್ತಿದ್ದಾರೆ, ಯಾರು ಅಂಚಲ್ಲಿ ನಿಂತು ಇವರದ್ದು ಮುಗೀಲಿ ಅಂತ ಕಾಯ್ತಿದ್ದಾರೆ ಅಂತ. ಮುಂದಿನ ಸಲ ಟೀಮ್ ಲಿಸ್ಟ್ ಬಂದಾಗ ಅದರ ಬಗ್ಗೆಯೂ ಒಂದು ಟೀ ಕುಡಿಯೋಣ.